ಬರ್ಕ್ಲಿಯ ಐಸ್‌ಲ್ಯಾಂಡ್: ಗೋಡೆ ಉಳಿಯಿತು, ಮಂಜುಗಡ್ಡೆ ಉಳಿಯಲಿಲ್ಲ

ಬರ್ಕ್ಲಿಯಲ್ಲಿ ಹಿಮ ಬೀಳುವುದಿಲ್ಲ. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಪೂರ್ವ ದಂಡೆಯ ಈ ಊರಿಗೆ ಚಳಿಗಾಲವೆಂದರೆ ಮಳೆಗಾಲ. ಮಿಕ್ಕ ದಿನಗಳಲ್ಲಿ ಬೆಳಗ್ಗೆ ಕಡಲ ಕಡೆಯಿಂದ ಕಾವಳ ನುಗ್ಗುತ್ತದೆ, ಮಧ್ಯಾಹ್ನದ ಹೊತ್ತಿಗೆ ಎಳೆಬಿಸಿಲು ಅದನ್ನು ಅಟ್ಟುತ್ತದೆ. ನೀರು ತಾನಾಗಿ ಹೆಪ್ಪುಗಟ್ಟಿ ನಿಲ್ಲುವ ನೆಲವಲ್ಲ ಅದು. ಅಂಥ ಊರಿನ ನಡುವೆ, ಮನೆಗಳ ಸಾಲಿಗೆ ಅಂಟಿಕೊಂಡಂತೆ, 1940ರಿಂದ 2007ರವರೆಗೆ ಮಂಜುಗಡ್ಡೆಯ ಒಂದು ಅಂಗಳವಿತ್ತು. ಅದರ ಹೆಸರು ಐಸ್‌ಲ್ಯಾಂಡ್. ಆ ಹೆಸರಿನ ದೇಶಕ್ಕೂ ಇದಕ್ಕೂ ಯಾವ ಸಂಬಂಧವೂ ಇರಲಿಲ್ಲ. ಬಿಸಿಲ ನಾಡಿನಲ್ಲಿ ಒಳಗೆ ಕಾಲಿಟ್ಟರೆ ಬೇರೆಯೇ ದೇಶ ಎಂಬ ಭಾವ ಬರಲೆಂದು ಇಟ್ಟ ಹೆಸರಿರಬೇಕು.

ಆ ಅಂಗಳವನ್ನು ಉಳಿಸಿಕೊಳ್ಳಲು ಊರಿನವರು ಹೋರಾಡಿದರು. ಅರ್ಧ ಗೆದ್ದರು, ಅರ್ಧ ಸೋತರು. ಗೆದ್ದದ್ದು ಯಾವುದು, ಸೋತದ್ದು ಯಾವುದು ಎಂಬುದನ್ನು ತಿಳಿಯಬೇಕಾದರೆ ಅಲ್ಲಿಯ ಮಂಜುಗಡ್ಡೆ ಹೇಗೆ ಬಂತು, ದಿನದಿನವೂ ಹೇಗೆ ನಿಂತಿತು ಎಂಬಲ್ಲಿಂದ ಶುರು ಮಾಡಬೇಕು.

ಸಿನಿಮಾ ತಂದ ಚಳಿ

ಸ್ಕೇಟಿಂಗ್ ಮೂಲತಃ ಹೆಪ್ಪುಗಟ್ಟಿದ ಕೆರೆ ಕಾಲುವೆಗಳ ಆಟ. ಯಂತ್ರದಿಂದ ಮಂಜುಗಡ್ಡೆ ಕಟ್ಟಿ ಅದರ ಮೇಲೆ ಜನರನ್ನು ಆಡಿಸುವ ಪ್ರಯೋಗ 1876ರಲ್ಲಿ ಲಂಡನ್ನಿನಲ್ಲಿ ನಡೆಯಿತು. ಆದರೆ ಅಮೆರಿಕದ ಬಿಸಿಲ ಊರುಗಳಿಗೂ ಆ ಆಟದ ಹುಚ್ಚು ಹಬ್ಬಿದ್ದಕ್ಕೆ ಬಹುಮಟ್ಟಿಗೆ ಕಾರಣ ನಾರ್ವೆಯ ಒಬ್ಬಳು ಹುಡುಗಿ, ಸೋನ್ಯಾ ಹೆನಿ. 1928, 1932, 1936ರ ಮೂರು ಒಲಿಂಪಿಕ್ಸ್‌ಗಳಲ್ಲಿ ಸತತವಾಗಿ ಚಿನ್ನ ಗೆದ್ದ ಆಕೆ ಆಮೇಲೆ ಹಾಲಿವುಡ್ಡಿಗೆ ಹೋದಳು. ಸ್ಕೇಟು ಕಟ್ಟಿಕೊಂಡೇ ತಾರೆಯಾದಳು. ಅವಳ ಸಿನಿಮಾ ನೋಡಿದ ಮಕ್ಕಳಿಗೆ ಮಂಜುಗಡ್ಡೆ ಬೇಕಾಯಿತು, ಹಣ ಹೂಡುವವರಿಗೆ ಅದರಲ್ಲಿ ವ್ಯಾಪಾರ ಕಂಡಿತು.

1940ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಐಸ್‌ಲ್ಯಾಂಡ್ ಎಂಬ ಒಂದೇ ಹೆಸರಿನ ಎರಡು ರಿಂಕ್‌ಗಳು, ಅಂದರೆ ಸ್ಕೇಟಿಂಗ್ ಅಂಗಳಗಳು, ಬಾಗಿಲು ತೆರೆದವು. ಲಾಸ್ ಏಂಜಲೀಸ್ ಪಕ್ಕದ ಪ್ಯಾರಮೌಂಟ್ ಊರಿನಲ್ಲಿ ತೆರೆದದ್ದು ಜಾಂಬೋನಿ ಕುಟುಂಬದ್ದು. ಐಸಿನ ದೊಡ್ಡ ದಿಂಡುಗಳನ್ನು ಮಾರಿ ಬದುಕುತ್ತಿದ್ದ ಅವರ ಕಸುಬನ್ನು ಮನೆಮನೆಯ ಫ್ರಿಜ್ಜು ನುಂಗುತ್ತಿತ್ತು. ಗೊತ್ತಿದ್ದ ವಿದ್ಯೆಯನ್ನು ಅವರು ರಿಂಕಿನ ಕಡೆಗೆ ತಿರುಗಿಸಿದರು. ಮೊದಲೆಲ್ಲ ಗೀರು ಬಿದ್ದ ಮಂಜುಗಡ್ಡೆಯನ್ನು ಟ್ರ್ಯಾಕ್ಟರಿನಿಂದ ಕೆರೆದು, ನೀರು ಹಾಯಿಸಿ ನಯ ಮಾಡಲು ಹಲವು ಆಳುಗಳಿಗೆ ಒಂದು ಗಂಟೆಗೂ ಮೀರಿ ಹಿಡಿಯುತ್ತಿತ್ತು. 1949ರಲ್ಲಿ ಫ್ರ್ಯಾಂಕ್ ಜಾಂಬೋನಿ ಅದನ್ನೆಲ್ಲ ಒಬ್ಬನೇ ಚಾಲಕ ಕೆಲವೇ ನಿಮಿಷಗಳಲ್ಲಿ ಮುಗಿಸುವ ಯಂತ್ರ ಕಟ್ಟಿದ. ಇವತ್ತು ಜಗತ್ತಿನ ಯಾವ ರಿಂಕಿಗೆ ಹೋದರೂ ಆ ಯಂತ್ರವನ್ನು ಕರೆಯುವುದು ಜಾಂಬೋನಿ ಎಂದೇ.

ಇನ್ನೊಂದು ಐಸ್‌ಲ್ಯಾಂಡ್ ಬರ್ಕ್ಲಿಯದು. 1940ರ ನವೆಂಬರ್ 1ರಂದು ಮಿಲ್ವಿಯಾ ರಸ್ತೆಯಲ್ಲಿ ತೆರೆಯಿತು. ಯುರೋಪಿನಲ್ಲಿ ಆಗಲೇ ಯುದ್ಧ ಹೊತ್ತಿಕೊಂಡಿತ್ತು, ಅಮೆರಿಕ ಇನ್ನೂ ಇಳಿದಿರಲಿಲ್ಲ. ವಾಸ್ತುಶಿಲ್ಪಿ ವಿಲಿಯಂ ಕ್ಲೆಮೆಂಟ್ ಆಂಬ್ರೋಸ್ ಕಾಂಕ್ರೀಟಿನಲ್ಲಿ ಕಟ್ಟಿದ ಆ ಕಟ್ಟಡಕ್ಕೆ ಆ ಕಾಲದ ಹಡಗು ರೈಲುಗಳ ನುಣುಪಾದ ಗೆರೆಗಳಿದ್ದವು. ಒಳಗಿನ ಅಂಗಳದ ಉದ್ದ 200 ಅಡಿ, ಅಗಲ 100 ಅಡಿ. ಈಗಿನ ವೃತ್ತಿಪರ ಅಮೆರಿಕನ್ ಹಾಕಿ ರಿಂಕಿನ ಅಗಲ 85 ಅಡಿ ಮಾತ್ರ. ಆದರೆ ಆಂಬ್ರೋಸನ ಜಾಣತನ ನಿಜವಾಗಿ ಕಾಣುವುದು ಹೊರಗೆ. ಗೋಡೆಗಳ ಪಕ್ಕಕ್ಕೆ ಮಣ್ಣು ಒಟ್ಟಿ, ಹುಲ್ಲು ಬೆಳೆಸಿ, ಥೇಟು ಕೆರೆ ಏರಿಯಂತೆ ಇಳಿಜಾರು ಮಾಡಿಸಿದ್ದ. ನಮ್ಮ ಕಡೆ ಏರಿ ನೀರನ್ನು ತಡೆದರೆ ಅಲ್ಲಿನ ಏರಿ ತಂಪನ್ನು ಹಿಡಿದಿಡುತ್ತಿತ್ತು.

ಆ ತಂಪಿನ ಮೂಲ ಅಮೋನಿಯ. ಅನಿಲವನ್ನು ಕಂಪ್ರೆಸರಿನಲ್ಲಿ ಒತ್ತಿ, ಅದರ ಕಾವನ್ನು ಹೊರಗೆ ಬಿಟ್ಟು, ಮತ್ತೆ ಹಿಗ್ಗಲು ಬಿಟ್ಟರೆ ಸುತ್ತಲಿನ ಶಾಖವನ್ನೆಲ್ಲ ಹೀರಿಕೊಳ್ಳುತ್ತದೆ. ಮಲ್ಪೆ, ಮಂಗಳೂರಿನ ಮೀನುಗಾರಿಕೆ ಬಂದರುಗಳ ಐಸ್ ಪ್ಲಾಂಟ್‌ಗಳನ್ನು ನೋಡಿದವರಿಗೆ ಈ ಯಂತ್ರವೂ ಗೊತ್ತು, ಮೂಗಿಗೆ ಅಡರುವ ಆ ವಾಸನೆಯೂ ಗೊತ್ತು. ರಿಂಕಿನಲ್ಲಿ ಆ ತಂಪು ಉಪ್ಪುನೀರಿನ ಮೂಲಕ ನೆಲದಡಿಯ ಕೊಳವೆಗಳಿಗೆ ಹರಿಯುತ್ತದೆ. ಮೇಲೆ ತೆಳ್ಳಗೆ ನೀರು ಚಿಮುಕಿಸಿ, ಅದು ಕಟ್ಟಿದ ಮೇಲೆ ಇನ್ನೊಂದು ಪದರ, ಮತ್ತೊಂದು ಪದರ. ಹೀಗೆ ಕಟ್ಟಿದ ಮಂಜುಗಡ್ಡೆಯ ದಪ್ಪ ಒಂದೆರಡು ಇಂಚು. ಕಂಪ್ರೆಸರ್ ನಿಂತರೆ ಅದು ಬರಿಯ ನೀರು. ಒಮ್ಮೆ ಕಟ್ಟಿ ಮುಗಿಸಿ ಮರೆತುಬಿಡುವ ವಸ್ತು ಅದಲ್ಲ. ಇಪ್ಪತ್ತನಾಲ್ಕು ಗಂಟೆಯೂ ಕರೆಂಟು ಸುಟ್ಟು, ದಿನಕ್ಕೆ ಹಲವು ಸಲ ಕೆರೆದು, ನೀರುಣಿಸಿ ಸಾಕಬೇಕಾದ್ದು.

ಮಂಜಿನ ಮೇಲಿನ ರಂಗೋಲಿ

ಐಸ್‌ಲ್ಯಾಂಡನ್ನು ಮನೆಯಾಗಿಸಿಕೊಂಡ ಸೇಂಟ್ ಮಾರಿಟ್ಜ್ ಐಸ್ ಸ್ಕೇಟಿಂಗ್ ಕ್ಲಬ್ಬಿನ ಹೆಸರು ಸ್ವಿಟ್ಜರ್ಲೆಂಡಿನ ಹಿಮಪಟ್ಟಣದ್ದು, ಸದಸ್ಯರು ಮಾತ್ರ ಕೊಲ್ಲಿ ಸೀಮೆಯವರು. ಈ ಕ್ಲಬ್ಬಿನ ಆತಿಥ್ಯದಲ್ಲಿ ಅಮೆರಿಕದ ರಾಷ್ಟ್ರೀಯ ಫಿಗರ್ ಸ್ಕೇಟಿಂಗ್ ಚಾಂಪಿಯನ್‌ಷಿಪ್ ಮೂರು ಸಲ, 1947, 1957 ಮತ್ತು 1966ರಲ್ಲಿ, ಬರ್ಕ್ಲಿಗೆ ಬಂತು.

1947ರಲ್ಲಿ ಗೆದ್ದ ಡಿಕ್ ಬಟನ್‌ಗೆ ಆಗಿನ್ನೂ ಹದಿನೇಳು. ಮರುವರ್ಷ ಅವನು ನಿಜವಾದ ಸೇಂಟ್ ಮಾರಿಟ್ಜಿನ ಒಲಿಂಪಿಕ್ಸ್‌ನಲ್ಲಿ, ಸ್ಪರ್ಧೆಗಳಲ್ಲಿ ಅದುವರೆಗೆ ಯಾರೂ ಮಾಡದಿದ್ದ ಡಬಲ್ ಆಕ್ಸೆಲ್ ಜಿಗಿತ ಹಾಕಿ ಚಿನ್ನ ತಂದ. 1957ರಲ್ಲಿ ಐಸ್‌ಲ್ಯಾಂಡಿನಲ್ಲಿ ಮೊದಲ ರಾಷ್ಟ್ರೀಯ ಪಟ್ಟ ಗೆದ್ದವರು ಕ್ಯಾರಲ್ ಹೈಸ್ ಮತ್ತು ಡೇವಿಡ್ ಜೆಂಕಿನ್ಸ್. ಮೂರು ವರ್ಷಗಳ ಬಳಿಕ ಅದೇ ಕ್ಯಾಲಿಫೋರ್ನಿಯದ ಸಿಯೆರಾ ಬೆಟ್ಟಗಳಲ್ಲಿ, ಸ್ಕ್ವಾ ವ್ಯಾಲಿಯಲ್ಲಿ, ಇಬ್ಬರೂ ಒಲಿಂಪಿಕ್ ಚಿನ್ನ ಗೆದ್ದರು.

ಆ ಕಾಲದ ಸ್ಕೇಟಿಂಗ್ ಎಂದರೆ ಬರೀ ಜಿಗಿತ, ಗಿರಕಿ ಅಲ್ಲ. ಅಂಕಗಳಲ್ಲಿ ದೊಡ್ಡ ಪಾಲು ‘ಫಿಗರ್’ಗಳಿಗೆ ಮೀಸಲು. ಒಂಟಿ ಕಾಲಿನ ಸ್ಕೇಟಿನ ಅಂಚಿನಿಂದ ಎಂಟರ ಆಕಾರ ಬರೆಯಬೇಕು, ಅದರ ಮೇಲೆಯೇ ಮತ್ತೆ ಮತ್ತೆ ಹಾಯಬೇಕು, ಗೆರೆ ಗೆರೆಯ ಮೇಲೆಯೇ ಕೂರಬೇಕು. ನಸುಕಿನಲ್ಲಿ ಅಂಗಳವನ್ನು ಪಾಲು ಹಾಕಿ ಒಬ್ಬೊಬ್ಬರಿಗೆ ಒಂದೊಂದು ‘ಪ್ಯಾಚ್’ ಕೊಡುವುದು ಎಲ್ಲ ರಿಂಕ್‌ಗಳ ರೂಢಿ. ನಮ್ಮ ಹೆಣ್ಣುಮಕ್ಕಳು ಬಾಗಿಲ ಮುಂದೆ ಚುಕ್ಕಿ ಇಟ್ಟು ಎಳೆ ಎಳೆಯುವ ಹೊತ್ತಿನಲ್ಲಿ ಆ ಮಕ್ಕಳು ಕಾಲಿನಿಂದ ರಂಗೋಲಿ ಹಾಕುತ್ತಿದ್ದರು. ಅಂಗಳ ಜಾಂಬೋನಿಗೆ ಸಿಕ್ಕಿದೊಡನೆ ಅದು ಅಳಿಸಿಹೋಗುತ್ತಿತ್ತು. ನಾಳೆ ಮತ್ತೆ ಮೊದಲಿನಿಂದ.

ಹೀಗೆ ಕಲಿಸಿದವರಲ್ಲಿ ಒಬ್ಬಳು ಮೇರಿಬೆಲ್ ವಿನ್ಸನ್ ಓವೆನ್. ಒಂಬತ್ತು ಸಲ ಅಮೆರಿಕದ ಚಾಂಪಿಯನ್, 1932ರ ಒಲಿಂಪಿಕ್ಸ್‌ನಲ್ಲಿ ಕಂಚು, ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಮೊದಲ ಮಹಿಳಾ ಕ್ರೀಡಾ ವರದಿಗಾರ್ತಿ. 1940ರ ದಶಕದಲ್ಲಿ ಸ್ಕೇಟರ್ ಗಂಡ ಗೈ ಓವೆನ್ ಜೊತೆ ಆಕೆ ಬರ್ಕ್ಲಿಯಲ್ಲಿ ನೆಲೆಸಿದ್ದಳು. ಇಬ್ಬರು ಹೆಣ್ಣುಮಕ್ಕಳು, ತಾಯಿಯ ಹೆಸರನ್ನೇ ಹೊತ್ತ ಮೇರಿಬೆಲ್ ಮತ್ತು ಕಿರಿಯವಳು ಲಾರೆನ್ಸ್. ಮುಂದೆ ತಾಯಿ ಮಕ್ಕಳನ್ನು ಕರೆದುಕೊಂಡು ತನ್ನ ತವರು ಮ್ಯಾಸಚೂಸೆಟ್ಸಿಗೆ ಮರಳಿದಳು.

1961ರ ಜನವರಿಯಲ್ಲಿ ಲಾರೆನ್ಸ್ ಅಮೆರಿಕದ ಚಾಂಪಿಯನ್ ಆದಳು, ಅವಳಿಗೆ ಹದಿನಾರು. ಅಕ್ಕ ಜೋಡಿ ಸ್ಕೇಟಿಂಗ್‌ನಲ್ಲಿ ಚಿನ್ನ ಗೆದ್ದಳು. ಅದೇ ಜೋಡಿ ಸ್ಪರ್ಧೆಯಲ್ಲಿ ಮೂರನೆಯ ಸ್ಥಾನ ಬರ್ಕ್ಲಿಯ ಅಣ್ಣ ತಂಗಿ, ವಿಲಿಯಂ ಮತ್ತು ಲಾರಿ ಹಿಕಾಕ್ಸ್‌ಗೆ. ಪ್ರಾಗ್‌ನ ವಿಶ್ವ ಚಾಂಪಿಯನ್‌ಷಿಪ್‌ಗೆ ಹೊರಟ ಇಡೀ ಅಮೆರಿಕನ್ ತಂಡ ನ್ಯೂಯಾರ್ಕಿನಿಂದ ಸಬೆನಾ ವಿಮಾನ 548 ಹತ್ತಿತು. ಫೆಬ್ರವರಿ 15ರ ಬೆಳಗ್ಗೆ ಬ್ರಸೆಲ್ಸ್ ನಿಲ್ದಾಣದ ಹತ್ತಿರ ವಿಮಾನ ನೆಲಕ್ಕಪ್ಪಳಿಸಿತು. ಒಳಗಿದ್ದ 72 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ. ಕೆಳಗೆ ಹೊಲದಲ್ಲಿದ್ದ ಒಬ್ಬ ರೈತನೂ ಸತ್ತ. ಸತ್ತವರಲ್ಲಿ 18 ಸ್ಕೇಟರ್‌ಗಳು, ಅವರ ಜೊತೆ ತರಬೇತುದಾರರು, ತೀರ್ಪುಗಾರರು, ಮನೆಯವರು. ತಾಯಿ ಮೇರಿಬೆಲ್, ಇಬ್ಬರು ಹೆಣ್ಣುಮಕ್ಕಳು, ಹಿಕಾಕ್ಸ್ ಒಡಹುಟ್ಟಿದವರು, ಎಲ್ಲರೂ. ಆ ವರ್ಷದ ವಿಶ್ವ ಚಾಂಪಿಯನ್‌ಷಿಪ್ ರದ್ದಾಯಿತು.

ಒಂದು ದೇಶದ ಒಂದು ತಲೆಮಾರಿನ ವಿದ್ಯೆಯೇ ಒಂದು ಬೆಳಗ್ಗೆ ಹೊತ್ತುಹೋಗಿತ್ತು. ಕಲಿಸುವವರೂ ಇಲ್ಲ, ಕಲಿತವರೂ ಇಲ್ಲ. ತನ್ನ ತರಬೇತುದಾರ ವಿಲಿಯಂ ಕಿಪ್‌ನನ್ನು ಅದೇ ವಿಮಾನದಲ್ಲಿ ಕಳೆದುಕೊಂಡ ಹನ್ನೆರಡರ ಹುಡುಗಿ ಪೆಗ್ಗಿ ಫ್ಲೆಮಿಂಗ್. ಐದು ವರ್ಷಗಳ ಬಳಿಕ, 1966ರಲ್ಲಿ, ಬರ್ಕ್ಲಿಯ ಅಂಗಳದಲ್ಲಿ ಆಕೆ ಸತತ ಮೂರನೆಯ ಸಲ ರಾಷ್ಟ್ರೀಯ ಪಟ್ಟ ಗೆದ್ದಳು. ಎರಡು ವರ್ಷಕ್ಕೆ ಗ್ರೆನೋಬಲ್‌ನಲ್ಲಿ ಅವಳು ಗೆದ್ದದ್ದೇ ಆ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಅಮೆರಿಕಕ್ಕೆ ಸಿಕ್ಕ ಒಂದೇ ಒಂದು ಚಿನ್ನ. ಮುಂದೆ 1992ರ ಒಲಿಂಪಿಕ್ ಚಾಂಪಿಯನ್ ಕ್ರಿಸ್ಟಿ ಯಾಮಾಗುಚಿ ಕೂಡ ಸ್ಪರ್ಧೆಗಿಳಿದದ್ದು ಸೇಂಟ್ ಮಾರಿಟ್ಜ್ ಕ್ಲಬ್ಬಿನ ಹೆಸರಿನಲ್ಲಿ.

ಇಷ್ಟೆಲ್ಲ ಇದ್ದರೂ ಐಸ್‌ಲ್ಯಾಂಡ್ ಬರ್ಕ್ಲಿಯವರ ಮನಸ್ಸಿನಲ್ಲಿ ಕೂತದ್ದು ಚಾಂಪಿಯನ್ನರಿಂದಲ್ಲ. ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಹುಡುಗರು ಅಲ್ಲಿ ಹಾಕಿ ಆಡಿದರು. ಶಾಲೆಯ ಮಕ್ಕಳು ಹುಟ್ಟುಹಬ್ಬಕ್ಕೆ ಗುಂಪು ಕಟ್ಟಿಕೊಂಡು ಬಂದರು. ಬಾಡಿಗೆ ಸ್ಕೇಟು ಕಟ್ಟಿಕೊಂಡು, ಗೋಡೆ ಹಿಡಿದು, ಬಿದ್ದು, ಚಡ್ಡಿ ಒದ್ದೆ ಮಾಡಿಕೊಂಡು ಎದ್ದರು. ಅವರೇ ದೊಡ್ಡವರಾಗಿ ತಮ್ಮ ಮಕ್ಕಳ ಕೈ ಹಿಡಿದು ಬಂದರು. ಊರಿನಲ್ಲಿ ಗಡಿಯಾರದ ಗೋಪುರ ಇರುವಂತೆ ಐಸ್‌ಲ್ಯಾಂಡೂ ಇರುತ್ತದೆ ಎಂದುಕೊಂಡರು. ಮೂರು ತಲೆಮಾರು ಅದರ ಮೇಲೆ ಜಾರಿತು. ನೆಲದಡಿಯ ಕೊಳವೆಯನ್ನು ನೆನೆದವರು ಕಡಿಮೆ.

ಮುದಿಯಾದ ಯಂತ್ರ

ಅರವತ್ತು ವರ್ಷ ದಾಟಿದ ಯಂತ್ರ ಒಂದು ದಿನ ಲೆಕ್ಕ ಕೇಳಿಯೇ ಕೇಳುತ್ತದೆ. 2005ರ ಹೊತ್ತಿಗೆ ನಗರದ ಅಧಿಕಾರಿಗಳ ಕಣ್ಣು ಐಸ್‌ಲ್ಯಾಂಡಿನ ಅಮೋನಿಯದ ಮೇಲೆ ಬಿತ್ತು. ಸಾವಿರಾರು ಪೌಂಡ್ ಅಮೋನಿಯ, ಹಳೆಯ ಕೊಳವೆಗಳು, ಸುತ್ತ ಮನೆಗಳು. ಸಾಲದ್ದಕ್ಕೆ ಬರ್ಕ್ಲಿ ಕೂತಿರುವುದು ಹೇವರ್ಡ್ ಭೂಕಂಪ ಬಿರುಕಿನ ಮೇಲೆ. ಆ ಬಿರುಕು ವಿಶ್ವವಿದ್ಯಾಲಯದ ಕ್ರೀಡಾಂಗಣದ ಅಡಿಯಲ್ಲೇ ಹಾದುಹೋಗುತ್ತದೆ. ನೆಲ ಅಲುಗಿ ಕೊಳವೆ ಬಿರಿದರೆ ಏನು ಗತಿ ಎಂಬ ಪ್ರಶ್ನೆಯನ್ನು ಅಲ್ಲಗಳೆಯುವಂತಿರಲಿಲ್ಲ.

ಹಳೆಯ ವ್ಯವಸ್ಥೆಯನ್ನು ಬದಿಗಿಟ್ಟು ಬಾಡಿಗೆಯ ತಂಪುಯಂತ್ರವೊಂದನ್ನು ಕಟ್ಟಡದ ಹೊರಗೆ ತಂದು ನಿಲ್ಲಿಸಿದರು. ಅಂಗಳ ಉಳಿಯಿತು, ಅಕ್ಕಪಕ್ಕದವರ ನಿದ್ದೆ ಹೋಯಿತು. ಶಬ್ದದ ದೂರುಗಳು ಬಂದವು. ಹೊಸ ಯಂತ್ರ ಹಾಕಬೇಕೆಂದರೆ ದೊಡ್ಡ ದುಡ್ಡು, ಕಟ್ಟಡದ ರಿಪೇರಿಗೆ ಇನ್ನಷ್ಟು. ಖಾಸಗಿ ಮಾಲೀಕರಿಗೆ ಟಿಕೆಟಿನ ಹಣದಲ್ಲಿ ಅದು ಏಗುವ ಬಾಬ್ತಾಗಿ ಕಾಣಲಿಲ್ಲ. 2007ರ ಮಾರ್ಚ್ 31ರಂದು ಐಸ್‌ಲ್ಯಾಂಡ್ ಬಾಗಿಲು ಹಾಕಿತು.

ಈ ಜಗಳದಲ್ಲಿ ಖಳನಾಯಕನನ್ನು ಹುಡುಕಿದರೆ ಸಿಗುವುದಿಲ್ಲ. ಅಮೋನಿಯಕ್ಕೆ ಹೆದರಿದ ನಗರಾಡಳಿತ ತನ್ನ ಕೆಲಸ ಮಾಡಿತು. ನಿದ್ದೆಗೆಟ್ಟ ನೆರೆಯವರು ದೂರು ಕೊಟ್ಟದ್ದು ಸಹಜ. ನಷ್ಟದ ವ್ಯಾಪಾರವನ್ನು ಎಷ್ಟು ದಿನ ಹೊರಲಿ ಎಂದ ಮಾಲೀಕರ ಮಾತೂ ಸುಳ್ಳಲ್ಲ. ಎಲ್ಲರೂ ಅವರವರ ಮಟ್ಟಿಗೆ ಸರಿಯಿದ್ದರು, ಅಂಗಳ ಹೋಯಿತು.

ಸಹಿ, ಸಭೆ, ಶಾಸನ

ಬರ್ಕ್ಲಿಯವರಿಗೆ ಹೋರಾಟ ಹೊಸದಲ್ಲ. 1964ರ ವಾಕ್ ಸ್ವಾತಂತ್ರ್ಯ ಚಳವಳಿ, 1969ರ ಪೀಪಲ್ಸ್ ಪಾರ್ಕ್ ಸಂಘರ್ಷ ನಡೆದದ್ದು ಈ ಊರಿನಲ್ಲೇ. ಹಳೆಯ ಕಟ್ಟಡ ಕೆಡವುವವರ ಕೈ ಹಿಡಿಯಲು 1974ರಲ್ಲೇ ಪಾರಂಪರಿಕ ಕಟ್ಟಡಗಳ ಕಾಯ್ದೆ ಮಾಡಿಕೊಂಡಿದ್ದರು. ಐವತ್ತು ನಿವಾಸಿಗಳು ಸಹಿ ಹಾಕಿ ಕೊಟ್ಟರೆ ಸಾಕು, ಯಾವ ಕಟ್ಟಡದ ವಿಷಯವೂ ಆ ಕಾಯ್ದೆಯಡಿಯ ಆಯೋಗದ ಮುಂದೆ ಬರುತ್ತಿತ್ತು.

ಬಾಗಿಲು ಮುಚ್ಚುವ ಸುದ್ದಿ ಬರುತ್ತಿದ್ದಂತೆ ಸ್ಕೇಟರ್‌ಗಳು, ಅಪ್ಪ ಅಮ್ಮಂದಿರು, ಹಾಕಿ ಆಟಗಾರರು, ಹಳೆಯ ಕಟ್ಟಡಗಳ ಅಭಿಮಾನಿಗಳು ಸೇರಿ ‘ಸೇವ್ ಬರ್ಕ್ಲಿ ಐಸ್‌ಲ್ಯಾಂಡ್’ ಎಂಬ ಸಂಸ್ಥೆ ಕಟ್ಟಿದರು. ಹೋರಾಟ ಎರಡು ದಾರಿಯಲ್ಲಿ ನಡೆಯಿತು. ಒಂದು, ಕಟ್ಟಡಕ್ಕೆ ಪಾರಂಪರಿಕ ಸ್ಥಾನ ಕೊಡಿಸುವುದು. ಇನ್ನೊಂದು, ದುಡ್ಡು ಕೂಡಿಸಿ ಕಟ್ಟಡ ಕೊಂಡು ಮತ್ತೆ ಮಂಜುಗಡ್ಡೆ ಕಟ್ಟುವುದು.

ಮೊದಲ ದಾರಿ ಗುರಿ ಮುಟ್ಟಿತು. ಆಂಬ್ರೋಸನ ವಿನ್ಯಾಸ, ಮಣ್ಣಿನ ಏರಿ, ಮೂರು ರಾಷ್ಟ್ರೀಯ ಚಾಂಪಿಯನ್‌ಷಿಪ್‌ಗಳ ಚರಿತ್ರೆ ಎಲ್ಲವೂ ಕಡತಕ್ಕೆ ಬಂದವು, 2007ರಲ್ಲಿ ಐಸ್‌ಲ್ಯಾಂಡ್ ನಗರದ ಪಾರಂಪರಿಕ ಪಟ್ಟಿ ಸೇರಿತು. ಕಟ್ಟಡ ನೆಲಸಮ ಮಾಡಿ ಮನೆಗಳ ಸಾಲು ಎಬ್ಬಿಸುವುದು ಇನ್ನು ಸುಲಭವಿರಲಿಲ್ಲ.

ಆದರೆ ಶಾಸನ ಕಾಯುವುದು ಏನನ್ನು? ಗೋಡೆಯನ್ನು, ಗೆರೆಯನ್ನು, ಮುಂಭಾಗದ ಚೆಲುವನ್ನು. ಒಳಗೆ ಇದೇ ಆಟ ನಡೆಯಬೇಕು ಎಂದು ಮಾಲೀಕರಿಗೆ ಕಟ್ಟಳೆ ಹಾಕುವ ಬಲ ಅದಕ್ಕಿಲ್ಲ. ದೇಗುಲವನ್ನು ಸಂರಕ್ಷಿತ ಸ್ಮಾರಕವೆಂದು ಬೋರ್ಡು ಹಾಕಬಹುದು, ನಿತ್ಯ ದೀಪಕ್ಕೆ ಎಣ್ಣೆ ಯಾರಾದರೂ ತರಲೇಬೇಕು.

ಎಣ್ಣೆ ತರುವ ಎರಡನೆಯ ದಾರಿಯೇ ಕಠಿಣವಾದದ್ದು. ಸಂಸ್ಥೆಯವರಿಗೆ ಕನಸಿತ್ತು, ಕನಸಿಗೆ ಲೆಕ್ಕವೂ ಇತ್ತು. ವಿಶಾಲ ಚಾವಣಿಯ ಮೇಲೆ ಸೌರಫಲಕ ಹಾಕಿ ಕರೆಂಟಿನ ಖರ್ಚು ಇಳಿಸಬೇಕು, ಸ್ಕೇಟಿಂಗ್ ಜೊತೆಗೆ ಇಡೀ ಊರಿಗೆ ಬೇಕಾಗುವ ಸಮುದಾಯ ಕೇಂದ್ರವಾಗಿ ಬೆಳೆಸಬೇಕು. ಆದರೆ ಕಟ್ಟಡ ಕೊಳ್ಳಲು, ಭೂಕಂಪಕ್ಕೆ ತಡೆಯುವಂತೆ ಬಲಪಡಿಸಲು, ಹೊಸ ಯಂತ್ರ ಹಾಕಲು ಬೇಕಾದದ್ದು ದಶಲಕ್ಷಗಟ್ಟಲೆ ಡಾಲರ್. ದಾನ ಕೇಳಿದರು, ಮಾಲೀಕರ ಜೊತೆ ಮಾತಿಗೆ ಕೂತರು, ವರ್ಷಗಟ್ಟಲೆ ಬಿಡದೆ ಓಡಾಡಿದರು. ನಡುವೆ 2008ರ ಆರ್ಥಿಕ ಕುಸಿತ ಬಂತು. ಮನೆ ಉಳಿಸಿಕೊಂಡರೆ ಸಾಕೆಂದು ಜನ ಪರದಾಡುವ ಹೊತ್ತಿನಲ್ಲಿ ಮಂಜುಗಡ್ಡೆಗೆ ಸಾಲ ಕೊಡುವವರು ಯಾರು?

ಕೊನೆಗೆ ಆ ಕಟ್ಟಡಕ್ಕೆ ಬಂದದ್ದು ಕೊಲ್ಲಿ ಸೀಮೆಯದೇ ಒಂದು ಕ್ರೀಡಾ ಸಾಮಗ್ರಿ ಮಳಿಗೆ, ಸ್ಪೋರ್ಟ್ಸ್ ಬೇಸ್‌ಮೆಂಟ್. 2014ರಲ್ಲಿ ಅಂಗಡಿ ತೆರೆಯಿತು. ಪೆಗ್ಗಿ ಫ್ಲೆಮಿಂಗ್ ಗಿರಕಿ ಹೊಡೆದ ಸೂರಿನಡಿ ಓಟದ ಶೂ, ಟೆಂಟು, ಸೈಕಲ್ ಹೆಲ್ಮೆಟ್ಟುಗಳ ಸಾಲು. ಸೇಂಟ್ ಮಾರಿಟ್ಜ್ ಕ್ಲಬ್ಬೂ ವಿಶ್ವವಿದ್ಯಾಲಯದ ಹಾಕಿ ತಂಡವೂ ಪಕ್ಕದ ಓಕ್ಲೆಂಡಿನ ಐಸ್ ಸೆಂಟರಿಗೆ ಹೊರಟುಹೋದವು.

ಇನ್ನೆರಡು ಅಂಗಳಗಳು

ಹಾಗಾದರೆ ಉಳಿದ ರಿಂಕ್‌ಗಳು ಹೇಗೆ ಉಳಿದವು? ಅದೇ 1940ರ ಪ್ಯಾರಮೌಂಟ್ ಐಸ್‌ಲ್ಯಾಂಡಿಗೆ ಬೆನ್ನಿಗಿದ್ದದ್ದು ಜಗತ್ತಿಗೆಲ್ಲ ಯಂತ್ರ ಮಾರುವ ಜಾಂಬೋನಿ ಮನೆತನ. ಮಂಜುಗಡ್ಡೆ ಕೆಟ್ಟರೆ ಮಾಡುವುದೇನೆಂದು ಅವರಿಗಿಂತ ಬಲ್ಲವರು ಯಾರು?

ಬರ್ಕ್ಲಿಯ ಉತ್ತರಕ್ಕಿರುವ ಸಾಂಟಾ ರೋಸಾದ್ದು ಇನ್ನೊಂದು ಬಗೆ. ಅಲ್ಲಿ ಇದ್ದ ರಿಂಕ್ ಮುಚ್ಚಿದಾಗ ಆ ಸೀಮೆಯ ನಿವಾಸಿ, ಸ್ನೂಪಿ ಎಂಬ ನಾಯಿಯನ್ನೂ ಚಾರ್ಲಿ ಬ್ರೌನ್ ಎಂಬ ಹುಡುಗನನ್ನೂ ಸೃಷ್ಟಿಸಿದ ವ್ಯಂಗ್ಯಚಿತ್ರಕಾರ ಚಾರ್ಲ್ಸ್ ಶುಲ್ಜ್, ಹೆಂಡತಿ ಜಾಯ್ಸ್ ಜೊತೆ ಸೇರಿ ತಾನೇ ಒಂದು ರಿಂಕ್ ಕಟ್ಟಿಸಿದ. 1969ರಲ್ಲಿ ಅದು ತೆರೆಯಿತು. ಲಾಭ ತರುವ ವ್ಯಾಪಾರ ಅದಲ್ಲವೆಂದು ಗೊತ್ತಿದ್ದೂ ಕೊನೆಯವರೆಗೆ ಸಾಕಿದ. ದಿನವೂ ಅಲ್ಲಿಗೇ ತಿಂಡಿಗೆ ಬರುತ್ತಿದ್ದ. ಕಾಗದದ ಮೇಲಿನ ನಾಯಿ ದುಡಿದು ಮಂಜುಗಡ್ಡೆಯನ್ನು ಸಾಕಿತು ಎನ್ನಬಹುದು.

ಒಂದು ಕಡೆ ಮನೆತನ, ಇನ್ನೊಂದು ಕಡೆ ಧಣಿ. ಬರ್ಕ್ಲಿಗೆ ಎರಡೂ ಇರಲಿಲ್ಲ, ಇದ್ದದ್ದು ಜನ. ಜನರ ಪ್ರೀತಿಗೆ ಕೊರತೆ ಇರಲಿಲ್ಲ. ಆದರೆ ಅದು ಒಗ್ಗೂಡಿದ್ದು ಬಾಗಿಲಿಗೆ ಬೀಗ ಬೀಳುವ ಹೊತ್ತಿಗೆ. ಯಂತ್ರ ಇನ್ನೂ ನಡೆಯುತ್ತಿದ್ದ ಕಾಲದಲ್ಲಿ, ಬದಲಾಯಿಸಲು ವ್ಯವಧಾನವಿದ್ದ ಕಾಲದಲ್ಲಿ, ಅದು ಅಪ್ಪ ಅಮ್ಮ ಕೊಡಿಸಿದ ಟಿಕೆಟಿನಲ್ಲೇ ಮುಗಿದುಹೋಗುತ್ತಿತ್ತು. ಪಾರಂಪರಿಕ ಪಟ್ಟಿ, ಸಹಿ, ಸಭೆ ಇವೆಲ್ಲ ನಿಂತ ವಸ್ತುವನ್ನು ಕಾಯುವ ಉಪಾಯಗಳು. ನಿಂತ ವಸ್ತುವಾಗಿದ್ದರೆ ಐಸ್‌ಲ್ಯಾಂಡ್ ಉಳಿದಿರುತ್ತಿತ್ತು. ಅದು ಪ್ರತಿ ರಾತ್ರಿ ಮತ್ತೆ ಕಟ್ಟಬೇಕಾದ ವಸ್ತು.

ಹೋರಾಟ ವ್ಯರ್ಥವಾಯಿತೆಂದು ಹೇಳುವಂತಿಲ್ಲ. ಅದು ನಡೆಯದಿದ್ದರೆ ಇವತ್ತು ಮಿಲ್ವಿಯಾ ರಸ್ತೆಯಲ್ಲಿ ತೋರಿಸಲು ಗೋಡೆಯೂ ಇರುತ್ತಿರಲಿಲ್ಲ. ಅಂಗಡಿಗೆ ಬಂದ ಅಜ್ಜಿಯೊಬ್ಬಳು ಮೊಮ್ಮಗುವಿಗೆ, ಶೂ ಜೋಡಿಸಿಟ್ಟ ಜಾಗ ತೋರಿಸಿ, ಇಲ್ಲೇ ನಾನು ಮೊದಲು ಬಿದ್ದದ್ದು ಎನ್ನಬಹುದಾದರೆ ಅದು ಆ ಐವತ್ತು ಸಹಿಗಳ ಪುಣ್ಯ. ಕೆರೆ ಬತ್ತಿದ ಮೇಲೂ ಏರಿ ಇರುತ್ತದೆ. ಇಲ್ಲೊಂದು ಕೆರೆಯಿತ್ತು ಎಂದು ಗೊತ್ತಾಗಲು ಅಷ್ಟು ಸಾಕು, ಬೊಗಸೆ ನೀರಿಗೆ ಮಾತ್ರ ಸಾಲದು.